ಹಳೇ ಡ್ರಮ್ಮಿನ ಗ್ರೋಮೆಟ್ ಬದಲಿಸಲು ಯಾವ ಟೂಲ್ ತಗೋಬೇಕು?

ಡ್ರಮ್ಮಿನ ಬ್ಯಾಡ್ಜ್ (ಕಂಪನಿ ಹೆಸರಿನ ಲೋಹದ ಬಿಲ್ಲೆ) ನಡುವೆ ಗಾಳಿ ಹೋಗಲು ಒಂದು ತೂತು ಇರುತ್ತದೆ, ಅಲ್ವಾ? ಅದಕ್ಕೆ ತೂರಿಸಿರುವ ಪುಟ್ಟ ಲೋಹದ ಕೊಳವೆಯೇ ಗ್ರೋಮೆಟ್. 1960ರ ದಶಕದ ಲುಡ್ವಿಗ್ ಕಂಪನಿಯ ಕೀಸ್ಟೋನ್ ಬ್ಯಾಡ್ಜ್ ಆಗಲಿ, ಗ್ರೆಚ್ ಕಂಪನಿಯ ದುಂಡು ಬ್ಯಾಡ್ಜ್ ಆಗಲಿ, ಶೆಲ್ಲಿಗೆ, ಅಂದರೆ ಡ್ರಮ್ಮಿನ ಮರದ ಒಡಲಿಗೆ, ಕಚ್ಚಿಕೊಂಡಿರುವುದು ಸಾಮಾನ್ಯವಾಗಿ ಇದರಿಂದಲೇ.

ಬ್ಯಾಡ್ಜ್ ಬರೀ ಗಡಗಡ ಅಲ್ಲಾಡುತ್ತಿದ್ದರೆ ಸುಮ್ನೆ ಬಿಚ್ಚಬೇಡಿ. ಶೆಲ್ಲಿನ ಒಳಗಡೆ ಅರಳಿಸಿರುವ ಗ್ರೋಮೆಟ್ಟಿನ ಅಂಚನ್ನೇ ಮತ್ತೆ ಮೆಲ್ಲಗೆ ಬಡಿದರೆ ಎಷ್ಟೋ ಸಲ ಬಿಗಿಯಾಗುತ್ತದೆ. ಅಂಚು ಸೀಳಿದ್ದರೆ, ಇಲ್ಲವೇ ಶೆಲ್ಲಿಗೆ ಅಂಟಿಸಿರುವ ಪ್ಲಾಸ್ಟಿಕ್ ಹೊದಿಕೆ, ಅಂದರೆ ಹೊರಗಿನ ರ‍್ಯಾಪ್ ಬದಲಿಸಬೇಕಿದ್ದರೆ ಮಾತ್ರ ತೆಗೆಯಿರಿ.

ತೆಗೆಯುವಾಗ ಎಲ್ಲರೂ ಮೊದಲು ಕೈ ಹಾಕುವುದು ಡ್ರಿಲ್ಲಿಗೆ. ಬೇಡ. ಬಿಟ್ ಜೊತೆ ಗ್ರೋಮೆಟ್ಟೂ ಗಿರಗಿರ ತಿರುಗಿ ಬ್ಯಾಡ್ಜಿನ ಮುಖವನ್ನು ಕೆರೆದುಬಿಡುತ್ತದೆ, ಹಳೇ ಬ್ಯಾಡ್ಜ್ ಹಾಳಾದರೆ ಡ್ರಮ್ಮಿನ ಬೆಲೆಯೂ ಇಳಿಯಿತು ಅಂತಲೇ ಲೆಕ್ಕ. ಒಳಗಿನಿಂದ ಕೆಲಸ ಮಾಡಿ. ತೆಳು ತುದಿಯ ಸ್ಕ್ರೂಡ್ರೈವರ್, ಚಿಕ್ಕ ನಿಪ್ಪರ್, ಚೂಪು ಮೂತಿಯ ಪ್ಲೈಯರ್ ಸಾಕು. ಮರ ಗೀಚದಂತೆ ಕೆಳಗೊಂದು ತೆಳು ಪುಟ್ಟಿ ಬ್ಲೇಡ್ ಇಟ್ಟು ಅಂಚನ್ನು ಎತ್ತಿ, ಮೂರು ನಾಲ್ಕು ಕಡೆ ಕತ್ತರಿಸಿ, ತುಂಡುಗಳನ್ನು ತೂತಿನ ಕಡೆಗೆ ಮಡಚಿ, ಹೊರಗೆ ತಳ್ಳಿ. ಅಂಚು ತುಂಬಾ ಬಿಗಿಯಾಗಿದ್ದರೆ ಚಿಕ್ಕ ಗ್ರೈಂಡರ್ ಕಲ್ಲಿನಿಂದ ಸವೆಸಿ. ಕಣ್ಣಿಗೆ ಸೇಫ್ಟಿ ಕನ್ನಡಕ ಹಾಕಿಕೊಳ್ಳಿ.

ಈಗ ಹೊಸದನ್ನು ಕೂರಿಸುವ ಟೂಲ್. ನಾನು ಮೊದಲು ತಂದಿದ್ದು ಟಾರ್ಪಾಲಿನ್ನಿಗೆ ರಿಂಗ್ ಹೊಡೆಯುವ ಕಿಟ್. ಅಂಗಡಿಯವರು 'ಎಲ್ಲಾ ಒಂದೇ ಸಾರ್' ಅಂದರು, ನಾನೂ ನಂಬಿದೆ. ಆ ರಿಂಗಿನ ಕೊಳವೆ ಬಟ್ಟೆಗೆ ಸಾಕಾಗುವಷ್ಟೇ ಉದ್ದ, ಶೆಲ್ಲಿನ ಆಚೆ ಬದಿಗೆ ಬರಲೇ ಇಲ್ಲ! ಹಾಗಾಗಿ ಟೂಲಿಗಿಂತ ಮೊದಲು ಅಳತೆಯ ವರ್ನಿಯರ್ ಕ್ಯಾಲಿಪರ್ ಹಿಡಿಯಿರಿ. ತೂತಿನ ಅಗಲ ನೋಡಿ. ಶೆಲ್, ರ‍್ಯಾಪ್, ಬ್ಯಾಡ್ಜ್ ಮೂರರ ದಪ್ಪ ಕೂಡಿಸಿ, ಅದರ ಮೇಲೆ 2–3 ಮಿ.ಮೀ. ಜಾಸ್ತಿ ಇರುವ ಗ್ರೋಮೆಟ್ ತಗೊಳ್ಳಿ, ಆಮೇಲೆ ಅದಕ್ಕೆ ಹೊಂದುವ ಟೂಲ್.

ಟೂಲಿನಲ್ಲಿ ಎರಡು ಭಾಗ: ಮೇಲೆ ಅಂಚನ್ನು ಅರಳಿಸುವ ಪಂಚ್, ಕೆಳಗೆ ಒತ್ತಡ ತಡೆಯುವ ಲೋಹದ ಅಡಿಗಟ್ಟಿ. ಅಡಿಗಟ್ಟಿಯಲ್ಲಿ ಗ್ರೋಮೆಟ್ಟಿನ ಗುಂಡನೆಯ ತಲೆ ಕೂರುವಷ್ಟು ಕುಳಿ ಇರಲೇಬೇಕು, ಚಪ್ಪಟೆಯಾಗಿದ್ದರೆ ಹೊರಗೆ ಕಾಣುವ ತಲೆಯೇ ಚಪ್ಪಟೆಯಾಗುತ್ತದೆ. ಶೆಲ್ ಬಾಗಿರುವುದರಿಂದ ಅಡಿಗಟ್ಟಿ ಸಣ್ಣಗೆ, ಎತ್ತರವಾಗಿಯೂ ಇರಬೇಕು. ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಗ್ರೋಮೆಟ್ ತೋರಿಸಿ ಮಾಡಿಸಿ.

ನನ್ನನ್ನು ಕೇಳಿದರೆ ಸುತ್ತಿಗೆಯಿಂದ ಪಂಚ್ ಬಡಿಯುವುದಕ್ಕಿಂತ, ಎರಡೂ ಭಾಗಗಳನ್ನು ಬೋಲ್ಟ್ ಹಾಕಿ ಬಿಗಿಯುವ ಟೂಲೇ ವಾಸಿ. 12 ಇಂಚಿನ ಪುಟ್ಟ ಟಾಮ್ ಡ್ರಮ್ ಒಳಗೆ ಸುತ್ತಿಗೆ ಬೀಸಲು ಜಾಗವೇ ಇರುವುದಿಲ್ಲ. 22 ಇಂಚಿನ ಬಾಸ್ ಡ್ರಮ್ ಆದರೆ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು. ಬೋಲ್ಟ್ ಆದರೆ ಸ್ಪ್ಯಾನರ್ ಸಾಕು, ಎಷ್ಟು ಒತ್ತುತ್ತಿದೆ ಅಂತ ಕೈಗೇ ಗೊತ್ತಾಗುತ್ತದೆ.

ಅಷ್ಟೇ ದಪ್ಪದ ಪ್ಲೈವುಡ್ ತುಂಡಿನಲ್ಲಿ ಎರಡು ಗ್ರೋಮೆಟ್ ಹಾಳು ಮಾಡಿ ನೋಡಿ, ಆಮೇಲೆ ಡ್ರಮ್ ಮುಟ್ಟಿ. ಹೆಬ್ಬೆರಳಿನಿಂದ ತಿರುಗಿಸಿದರೂ ಬ್ಯಾಡ್ಜ್ ಅಲ್ಲಾಡದಿದ್ದರೆ ಅಲ್ಲಿಗೇ ನಿಲ್ಲಿಸಿ, ಇನ್ನೊಂದು ಸುತ್ತು ಅಂತ ಹೋದರೆ ಹಳೇ ರ‍್ಯಾಪ್ ಬಿರುಕು ಬಿಡುತ್ತದೆ.