‘ಆ ಕಾಲವೇ ಹಾಗಿತ್ತು’ ಎಂಬ ಮಾತಿನ ಬೆನ್ನು ಹತ್ತಿ

ಪದವಿ ತರಗತಿಯಲ್ಲಿ ಇಂಗ್ಲಿಷ್ ಲೇಖಕ ಜೋಸೆಫ್ ಕಾನ್ರಾಡ್ ಆಫ್ರಿಕದ ಕಾಂಗೋ ನದಿಯಲ್ಲಿ ತಾನು ಮಾಡಿದ ಪ್ರಯಾಣವನ್ನು ಆಧರಿಸಿ ಬರೆದ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಎಂಬ ಕಿರುಕಾದಂಬರಿಯನ್ನು ಪಾಠ ಮಾಡುತ್ತಿದ್ದಾಗ, ನೈಜೀರಿಯಾದ ಲೇಖಕ ಚಿನುವಾ ಅಚೆಬೆ ಅದರ ಮೇಲೆ ಹೊರಿಸಿದ ಜನಾಂಗೀಯ ದ್ವೇಷದ ಆರೋಪವನ್ನು ವಿವರಿಸಿದೆ. ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಮೇಡಂ, ಆ ಕಾಲವೇ ಹಾಗಿತ್ತಲ್ಲವೇ? ಆಗಿನವರೆಲ್ಲ ಹಾಗೆಯೇ ಯೋಚಿಸುತ್ತಿದ್ದರು. ಒಬ್ಬ ಲೇಖಕನನ್ನು ಮಾತ್ರ ಹೇಗೆ ದೂರುವುದು?” ಎಂದು ಕೇಳಿದಳು. ಪ್ರಶ್ನೆ ಪ್ರಾಮಾಣಿಕವಾಗಿತ್ತು. ನಾನು ಕೊಟ್ಟ ಉತ್ತರ ಮಾತ್ರ ಕೇವಲ ಅಭಿಪ್ರಾಯವಾಗಿತ್ತು, ಅದಕ್ಕೆ ಬೆಂಬಲವಾಗಿ ತೋರಿಸಲು ನನ್ನ ಬಳಿ ಒಂದು ಪುಟವೂ ಇರಲಿಲ್ಲ. ಅಂದು ಸಂಜೆಯೇ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಹೋದೆ. ಮುಂದೆ ಸುಮಾರು ಎರಡು ವರ್ಷ, ರಜೆಯಲ್ಲಿಯೂ ಶನಿವಾರಗಳಲ್ಲಿಯೂ, ಈ ಒಂದೇ ಪ್ರಶ್ನೆಯ ಹಿಂದೆ ನಡೆದ ಹುಡುಕಾಟ ಹೇಗಿತ್ತು ಎಂಬುದನ್ನು, ಇಂಥ ವಿಷಯವನ್ನು ಕೈಗೆತ್ತಿಕೊಳ್ಳುವ ಇತರರಿಗೆ ನೆರವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ತೊಡಕು ಪದಗಳದ್ದು. ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳುವ ನನಗೆ ‘ರೇಸ್’ ಎಂಬುದಕ್ಕೆ ‘ಜನಾಂಗ’ ಎಂದು ಬರೆದ ಕೂಡಲೇ ಅನುಮಾನ ಹುಟ್ಟುತ್ತಿತ್ತು. ನಮ್ಮಲ್ಲಿ ಹಿಂದುಳಿದ ಜನಾಂಗ ಎನ್ನುತ್ತೇವೆ, ಜಾತಿಯ ಹೆಸರು ಹೇಳಿ ಇಂಥ ಜನಾಂಗದವರು ಎನ್ನುತ್ತೇವೆ. ಆದ್ದರಿಂದ ಕನ್ನಡ ಓದುಗನಿಗೆ ಆ ಪದ ಮೊದಲು ಜಾತಿಯನ್ನೇ ನೆನಪಿಸುತ್ತದೆ. ‘ವರ್ಣಭೇದ’ ಎಂದರೆ ಮೈಬಣ್ಣವೂ ಚಾತುರ್ವರ್ಣ್ಯವೂ ಒಟ್ಟಿಗೆ ಕಣ್ಣೆದುರು ಬರುತ್ತವೆ, ಜೊತೆಗೆ ಅದು ದಕ್ಷಿಣ ಆಫ್ರಿಕದ ಹಿಂದಿನ ಆಡಳಿತ ನೀತಿಯ ಹೆಸರಾಗಿ ಪತ್ರಿಕೆಗಳಲ್ಲಿ ನೆಲೆಗೊಂಡಿದೆ. ಕೊನೆಗೆ ಯಾವ ಸಂದರ್ಭದಲ್ಲಿ ಯಾವ ಪದವನ್ನು ಬಳಸುತ್ತೇನೆ ಎಂಬುದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿಯೇ ಬರೆದಿಟ್ಟುಕೊಂಡೆ. ಹೀಗೆ ಮಾಡದೆ ಹೋಗಿದ್ದರೆ ಆರು ತಿಂಗಳ ಬಳಿಕ ನನ್ನ ಟಿಪ್ಪಣಿಗಳೇ ನನಗೆ ಅರ್ಥವಾಗುತ್ತಿರಲಿಲ್ಲ.

ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಇದೇ ತೊಡಕು ಇನ್ನೊಂದು ರೂಪದಲ್ಲಿ ಎದುರಾಯಿತು. ಕಂಪ್ಯೂಟರಿನಲ್ಲಿ ‘ರೇಸಿಸಂ’ ಎಂದು ಟೈಪು ಮಾಡಿದರೆ ಬಂದ ಪುಸ್ತಕಗಳು ಕೆಲವೇ ಕೆಲವು, ಅವೂ ಹೆಚ್ಚಾಗಿ ಇತ್ತೀಚಿನವು. ಪರಾಮರ್ಶನ ವಿಭಾಗದಲ್ಲಿದ್ದ ಹಿರಿಯ ಗ್ರಂಥಪಾಲಕರೊಬ್ಬರು ಆಗ ಒಂದು ಮಾತು ಹೇಳಿದರು: “ನೀವು ನಿಮ್ಮ ಪದದಿಂದ ಹುಡುಕುತ್ತಿದ್ದೀರಿ. ಪುಸ್ತಕವನ್ನು ಪಟ್ಟಿಗೆ ಸೇರಿಸಿದವರು ಅವರ ಕಾಲದ ಪದವನ್ನು ಹಾಕಿರುತ್ತಾರೆ.” ಅವರು ತೋರಿಸಿಕೊಟ್ಟದ್ದು ವಿಷಯ ಶೀರ್ಷಿಕೆಗಳನ್ನು, ಅಂದರೆ ಪುಸ್ತಕದ ವಿಷಯವನ್ನು ಸೂಚಿಸಲು ಕ್ಯಾಟಲಾಗಿನಲ್ಲಿ ಹಾಕುವ ಗೊತ್ತುಪಡಿಸಿದ ಪದಗಳನ್ನು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ರೂಪಿಸಿದ ಈ ಶೀರ್ಷಿಕೆಗಳನ್ನು ಪ್ರಪಂಚದ ಅನೇಕ ಗ್ರಂಥಾಲಯಗಳು ಅನುಸರಿಸುತ್ತವೆ. ಅದರಲ್ಲಿ ‘ರೇಸ್ ಇನ್ ಲಿಟರೇಚರ್’, ‘ರೇಸಿಸಂ ಇನ್ ಲಿಟರೇಚರ್’ ಎಂಬ ಶೀರ್ಷಿಕೆಗಳು ಇವೆಯಾದರೂ, 1970ರ ದಶಕದವರೆಗೆ ಕಪ್ಪು ಜನರ ಬಗೆಗಿನ ಪುಸ್ತಕಗಳೆಲ್ಲ ‘ನೀಗ್ರೋಸ್’ ಎಂಬ ಶೀರ್ಷಿಕೆಯಡಿ ಸೇರುತ್ತಿದ್ದವು. ನಂತರ ಅದು ‘ಆಫ್ರೋ-ಅಮೆರಿಕನ್ಸ್’ ಆಯಿತು, ಆಮೇಲೆ ‘ಆಫ್ರಿಕನ್ ಅಮೆರಿಕನ್ಸ್’ ಆಯಿತು. ಇಂದು ನಾವು ಬಾಯಲ್ಲಿ ಆಡದ, ಆಡಬಾರದ ಪದವೊಂದನ್ನು ಹುಡುಕಾಟದ ಪೆಟ್ಟಿಗೆಯಲ್ಲಿ ಬೆರಳಿನಿಂದ ಒತ್ತಬೇಕಾಗಿ ಬಂದಾಗ ನನಗೆ ಹಿಂಸೆಯಾಯಿತು. ಆದರೆ ಹಾಗೆ ಒತ್ತಿದಾಗಲೇ ಹಳೆಯ ಪುಸ್ತಕಗಳು ಸಾಲುಸಾಲಾಗಿ ಹೊರಬಂದವು.

ಇದನ್ನು ಬರಿಯ ತಾಂತ್ರಿಕ ವಿವರವೆಂದು ಬದಿಗಿಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ವಾಷಿಂಗ್‌ಟನ್ನಿನ ಹೋವರ್ಡ್ ವಿಶ್ವವಿದ್ಯಾನಿಲಯದಲ್ಲಿ 1930ರಿಂದ ಕೆಲಸ ಮಾಡಿದ ಗ್ರಂಥಪಾಲಕಿ ಡೊರೊತಿ ಪೋರ್ಟರ್ ಅವರು, ಪುಸ್ತಕಗಳಿಗೆ ವಿಷಯಕ್ಕೆ ತಕ್ಕಂತೆ ಸಂಖ್ಯೆ ಕೊಟ್ಟು ಕಪಾಟಿನಲ್ಲಿ ಜೋಡಿಸುವ ಡ್ಯೂಯಿ ವರ್ಗೀಕರಣವನ್ನು ಅನುಸರಿಸುತ್ತಿದ್ದ ಗ್ರಂಥಾಲಯಗಳು ಕಪ್ಪು ಲೇಖಕರ ಪುಸ್ತಕಗಳನ್ನು, ಅವು ಕವಿತೆಯೇ ಆಗಿರಲಿ ಬೇರೇನೇ ಆಗಿರಲಿ, 325 ಅಥವಾ 326 ಎಂಬ ಸಂಖ್ಯೆಗಳಡಿ ತುಂಬುತ್ತಿದ್ದುದನ್ನು ನೆನಪಿಸಿಕೊಂಡಿದ್ದಾರೆ. 325 ವಸಾಹತು ಸ್ಥಾಪನೆಯ ಸಂಖ್ಯೆ, 326 ಗುಲಾಮಗಿರಿಯ ಸಂಖ್ಯೆ. ಕವಿಯೊಬ್ಬನ ಪುಸ್ತಕವನ್ನು ಕಾವ್ಯದ ಕಪಾಟಿನಿಂದ ಎತ್ತಿ ಗುಲಾಮಗಿರಿಯ ಕಪಾಟಿನಲ್ಲಿ ಇಡುವುದೆಂದರೆ ಅವನು ಕವಿಯೇ ಅಲ್ಲವೆಂದು ಹೇಳಿದಂತೆ. ಪೋರ್ಟರ್ ಅದನ್ನು ಒಪ್ಪದೆ ಪ್ರತಿಯೊಂದು ಪುಸ್ತಕವನ್ನೂ ಅದರ ವಿಷಯಕ್ಕೂ ಲೇಖಕರಿಗೂ ತಕ್ಕ ಜಾಗದಲ್ಲಿ ಸೇರಿಸಿದರು. 1971ರಲ್ಲಿ ಸ್ಯಾನ್‌ಫರ್ಡ್ ಬರ್ಮನ್ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಶೀರ್ಷಿಕೆಗಳಲ್ಲಿ ಹುದುಗಿದ್ದ ಪೂರ್ವಗ್ರಹಗಳ ಮೇಲೆ ಒಂದು ಇಡೀ ಪುಸ್ತಕವನ್ನೇ ಪ್ರಕಟಿಸಿದರು. ಇವನ್ನು ಓದಿದ ಮೇಲೆ ಕ್ಯಾಟಲಾಗನ್ನು ನಾನು ನೋಡುವ ಬಗೆಯೇ ಬದಲಾಯಿತು. ಅದು ದಾರಿ ತೋರಿಸುವ ಕೈಮರವಾಗಿರುವಂತೆಯೇ ನಾನು ಅಧ್ಯಯನ ಮಾಡಬೇಕಾದ ಸಾಕ್ಷ್ಯವೂ ಆಗಿತ್ತು.

ಹಳೆಯ ಪತ್ರಿಕೆಗಳಲ್ಲಿ ಹುಡುಕುವಾಗಲೂ ಈ ಪಾಠ ನೆರವಿಗೆ ಬಂದಿತು. ‘ರೇಸಿಸಂ’ ಎಂಬ ಪದ ಇಂಗ್ಲಿಷಿನಲ್ಲಿ ಕಾಣಿಸಿಕೊಂಡದ್ದೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಹಾಗಿರುವಾಗ 1890ರ ದಶಕದ ಪತ್ರಿಕೆಗಳಲ್ಲಿ ಆ ಪದವನ್ನು ಹುಡುಕಿ, ಏನೂ ಸಿಗದಿದ್ದಾಗ ‘ಆಗ ಯಾರೂ ಅದರ ಬಗ್ಗೆ ಮಾತನಾಡುತ್ತಿರಲಿಲ್ಲ’ ಎಂದು ತೀರ್ಮಾನಿಸುವುದು ಎಂಥ ಅನ್ಯಾಯ! ‘ರೇಸ್ ಪ್ರಿಜುಡಿಸ್’, ‘ಕಲರ್ ಪ್ರಿಜುಡಿಸ್’ ಎಂದು ಹುಡುಕಿದರೆ ಮಾತು ಬೇಕಾದಷ್ಟು ಸಿಗುತ್ತದೆ.

ಎರಡನೆಯ ಹಂತದಲ್ಲಿ, ಅಚೆಬೆ ಆ ಆರೋಪ ಹೊರಿಸಿದ ಉಪನ್ಯಾಸದ ಮೂಲ ಪಾಠವನ್ನು ಹುಡುಕಿದೆ. ಅದುವರೆಗೆ ನಾನು ಓದಿದ್ದು, ಪಾಠ ಮಾಡಿದ್ದು, ಯಾರೋ ಕೊಟ್ಟ ಜೆರಾಕ್ಸ್ ಪ್ರತಿಯೊಂದನ್ನು. ಅದನ್ನು ಯಾವ ಪುಸ್ತಕದಿಂದ ತೆಗೆದದ್ದೆಂಬ ಗುರುತೂ ಅದರಲ್ಲಿರಲಿಲ್ಲ. ಆ ಪ್ರತಿಯಲ್ಲಿ ಅಚೆಬೆ ಕಾನ್ರಾಡ್‌ನನ್ನು ‘ಥರೋಗೋಯಿಂಗ್ ರೇಸಿಸ್ಟ್’, ಅಂದರೆ ಆಮೂಲಾಗ್ರ ಜನಾಂಗದ್ವೇಷಿ, ಎಂದು ಕರೆಯುತ್ತಾರೆ. ಉಪನ್ಯಾಸ ನಡೆದದ್ದು 1975ರ ಫೆಬ್ರವರಿ 18ರಂದು, ಅಮೆರಿಕದ ಆಮ್‌ಹರ್ಸ್ಟ್‌ನಲ್ಲಿರುವ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದಲ್ಲಿ. ಅದು ಮೊದಲು ಅಚ್ಚಾದದ್ದು 1977ರ ‘ಮ್ಯಾಸಚೂಸೆಟ್ಸ್ ರಿವ್ಯೂ’ ಪತ್ರಿಕೆಯಲ್ಲಿ. ಜೆಸ್ಟೋರ್ ಎಂಬ ವಿದ್ವತ್ ಪತ್ರಿಕೆಗಳ ಸಂಗ್ರಹಕ್ಕೆ ಗ್ರಂಥಾಲಯದ ಚಂದಾ ಇದ್ದುದರಿಂದ ಆ ಸಂಚಿಕೆಯ ಪುಟಗಳು ಅಚ್ಚಾದ ರೂಪದಲ್ಲಿಯೇ ಪರದೆಯ ಮೇಲೆ ಬಂದವು. ಅಲ್ಲಿದ್ದ ಪದ ಬೇರೆ: ‘ಬ್ಲಡಿ ರೇಸಿಸ್ಟ್’. ಜೆರಾಕ್ಸನ್ನೂ ಪರದೆಯನ್ನೂ ಎರಡೆರಡು ಬಾರಿ ಹೋಲಿಸಿ ನೋಡಿದೆ. ಬದಲಾವಣೆ ಮಾಡಿದವರು ಅಚೆಬೆಯೇ. 1988ರ ಅವರ ಪ್ರಬಂಧ ಸಂಕಲನದಲ್ಲಿ ತಿದ್ದಿದ ಪಾಠವಿದೆ, ಕಾದಂಬರಿಯ ವಿಮರ್ಶಾತ್ಮಕ ಆವೃತ್ತಿಗಳಲ್ಲಿ ಮರುಮುದ್ರಣವಾದದ್ದೂ ತಿದ್ದಿದ ಪಾಠವೇ.

ಒಂದು ಪದದ ವ್ಯತ್ಯಾಸವನ್ನು ನಾನು ಇಷ್ಟು ದೊಡ್ಡದು ಮಾಡುವುದಕ್ಕೆ ಕಾರಣವಿದೆ. ಮೊದಲಿನ ‘ಬ್ಲಡಿ ರೇಸಿಸ್ಟ್’ ಎಂಬುದು, ಸಭೆಯೊಂದರ ಮುಂದೆ ನಿಂತು, ತನ್ನ ಜನರನ್ನು ಕಡೆಗಣಿಸಿದ ಪುಸ್ತಕವನ್ನು ಮೇರುಕೃತಿಯೆಂದು ಕಲಿಸುವವರ ಎದುರಿಗೆ ಒಬ್ಬ ಮನುಷ್ಯ ತಡೆಯಲಾರದೆ ಆಡಿದ ಮಾತು. ಎರಡನೆಯದು ಹದಿಮೂರು ವರ್ಷಗಳ ವಾದವಿವಾದದ ನಂತರ ತೂಗಿ ಇಟ್ಟ ಮಾತು. ಅದರಲ್ಲಿ ಕೋಪ ತಗ್ಗಿದೆ, ಆರೋಪ ತಗ್ಗಿಲ್ಲ, ಬದಲಿಗೆ ಅದು ಇನ್ನಷ್ಟು ನಿಖರವಾಗಿದೆ. ಅಚೆಬೆಗೆ ಉತ್ತರ ಕೊಟ್ಟ ವಿಮರ್ಶಕರಲ್ಲಿ 1978ರಿಂದ 1982ರ ನಡುವೆ ಬರೆದವರು ಎದುರಿಸಿದ್ದು ಮೊದಲ ಪಾಠವನ್ನು. ಆ ಲೇಖನಗಳನ್ನು ಎರಡನೆಯ ಪಾಠದೊಂದಿಗೆ ಇಟ್ಟು ಓದಿದರೆ ಅವರ ಧ್ವನಿಯ ಬಿಸಿ ಏಕೆಂದು ತಿಳಿಯುವುದಿಲ್ಲ. ಅಂದಿನಿಂದ ಯಾವ ವಾಕ್ಯವನ್ನು ಉದ್ಧರಿಸುವ ಮೊದಲೂ ಅದು ಯಾವ ವರ್ಷದ, ಯಾವ ಮುದ್ರಣದ ಪಾಠವೆಂದು ಪಕ್ಕದಲ್ಲಿ ಬರೆಯದೆ ಮುಂದೆ ಹೋಗುವುದಿಲ್ಲ. ಕಾನ್ರಾಡ್‌ನ ಕಥೆಗೂ ಇದು ಅನ್ವಯಿಸುತ್ತದೆ: ಅದು ಮೊದಲು 1899ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ‘ಬ್ಲ್ಯಾಕ್‌ವುಡ್ಸ್’ ಮಾಸಪತ್ರಿಕೆಯಲ್ಲಿ ಮೂರು ಕಂತುಗಳಾಗಿ ಬಂದಿತು, 1902ರಲ್ಲಿ ಪುಸ್ತಕದೊಳಗೆ ಸೇರಿತು. ಆ ಪತ್ರಿಕೆಯ ಬೈಂಡ್ ಮಾಡಿದ ಸಂಪುಟ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿಯೇ ಲಭ್ಯವಿದೆ.

ಇಷ್ಟಾದರೂ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಸಾಹಿತ್ಯ ವಿಮರ್ಶೆಯ ಕಪಾಟಿನಲ್ಲಿಯೇ ಇದ್ದರೆ ಅದು ಸಿಗುವಂತೆಯೂ ಇರಲಿಲ್ಲ, ಏಕೆಂದರೆ ಅಲ್ಲಿನ ಪುಸ್ತಕಗಳು ಒಂದನ್ನೊಂದು ಕುರಿತೇ ಮಾತನಾಡುತ್ತವೆ. ಕಾದಂಬರಿ 823ರ ಸಾಲಿನಲ್ಲಿದ್ದರೆ ಕಾಂಗೋ ದೇಶದ ಇತಿಹಾಸ 967ರ ಸಾಲಿನಲ್ಲಿತ್ತು, ಅದೂ ಬೇರೆ ಮಹಡಿಯಲ್ಲಿ. ಆ ಮೆಟ್ಟಿಲು ಹತ್ತಿದ್ದು ಇಡೀ ಹುಡುಕಾಟದ ತಿರುವು ಎಂದು ಈಗ ಅನಿಸುತ್ತದೆ. ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡ್ 1885ರಿಂದ 1908ರವರೆಗೆ ತನ್ನ ಸ್ವಂತ ಆಸ್ತಿಯಂತೆ ಆಳಿದ ಕಾಂಗೋ ಸ್ವತಂತ್ರ ರಾಜ್ಯದ ಬಗ್ಗೆ ಅಲ್ಲಿ ಓದುತ್ತ ಹೋದಂತೆ, ಅಡಿಟಿಪ್ಪಣಿಗಳಲ್ಲಿ ಒಂದು ಹೆಸರು ಮತ್ತೆ ಮತ್ತೆ ಬಂದಿತು: ಜಾರ್ಜ್ ವಾಷಿಂಗ್‌ಟನ್ ವಿಲಿಯಮ್ಸ್. ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕ, ನಂತರ ಪಾದ್ರಿ, ಒಹಾಯೋ ರಾಜ್ಯದ ಶಾಸಕ, ಕಪ್ಪು ಅಮೆರಿಕನ್ನರ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಬರೆದವರು. ಅವರನ್ನು ಕುರಿತು ಇತಿಹಾಸಕಾರ ಜಾನ್ ಹೋಪ್ ಫ್ರ್ಯಾಂಕ್ಲಿನ್ 1985ರಲ್ಲಿ ಪ್ರಕಟಿಸಿದ ಜೀವನಚರಿತ್ರೆ ನಮ್ಮಲ್ಲಿರಲಿಲ್ಲ. ಅಂತರ ಗ್ರಂಥಾಲಯ ಎರವಲಿನ ಮೂಲಕ ಬೇರೆ ಊರಿನಿಂದ ತರಿಸಿಕೊಂಡೆ, ಐದು ವಾರ ಕಾಯಬೇಕಾಯಿತು.

ಆ ಪುಸ್ತಕದ ಅನುಬಂಧದಲ್ಲಿ ವಿಲಿಯಮ್ಸ್ ಲಿಯೊಪೋಲ್ಡ್ ದೊರೆಗೆ ಬರೆದ ಬಹಿರಂಗ ಪತ್ರವಿದೆ. ಮೊದಲು ದೊರೆಯನ್ನು ಮೆಚ್ಚಿಕೊಂಡಿದ್ದವರೇ ಅವರು. ಕಾಂಗೋ ನದಿಯುದ್ದಕ್ಕೂ ಪ್ರಯಾಣ ಮಾಡಿ, ಅಲ್ಲಿನ ಜನರ ಅಹವಾಲನ್ನು ಕೇಳಿ, ಮೋಸದಿಂದ ನೆಲವನ್ನು ಬರೆಸಿಕೊಂಡದ್ದನ್ನೂ ಮನುಷ್ಯರನ್ನು ಕೊಂಡು ಮಾರುವುದನ್ನೂ ಸೈನಿಕರ ಕ್ರೌರ್ಯವನ್ನೂ ಒಂದೊಂದಾಗಿ ಎಣಿಸಿ ಆಪಾದನೆ ಹೊರಿಸಿದರು. ಪತ್ರದ ಕೊನೆಗೆ ಬರೆದ ಸ್ಥಳ ಮತ್ತು ದಿನಾಂಕ ಇವೆ: ಸ್ಟ್ಯಾನ್ಲಿ ಫಾಲ್ಸ್, 1890ರ ಜುಲೈ 18. ಅದನ್ನು ಓದಿದಾಗ ಕುರ್ಚಿಯಿಂದ ಎದ್ದು ನಿಂತೆ. ಕಾನ್ರಾಡ್‌ನ ಪ್ರಯಾಣದ ವಿವರಗಳು ಆಗಲೇ ನನ್ನ ನೋಟ್‌ಬುಕ್ಕಿನಲ್ಲಿದ್ದವು. ಅವನು ಉಗಿದೋಣಿಯಲ್ಲಿ ಅದೇ ಸ್ಟ್ಯಾನ್ಲಿ ಫಾಲ್ಸನ್ನು ತಲುಪಿದ್ದು 1890ರ ಸೆಪ್ಟೆಂಬರ್ 1ರಂದು. ಒಂದೇ ನದಿ, ಒಂದೇ ಊರು, ನಡುವೆ ಸುಮಾರು ಆರು ವಾರ. ಒಬ್ಬರು ಅಲ್ಲಿನ ಜನರನ್ನು ದೂರು ಹೇಳಬಲ್ಲ, ವಾದಿಸಬಲ್ಲ, ನ್ಯಾಯ ಕೇಳಬಲ್ಲ ಮನುಷ್ಯರೆಂದು ಕಂಡು ಕೂಡಲೇ ಬರೆದರು. ಇನ್ನೊಬ್ಬನು ಎಂಟು ವರ್ಷಗಳ ನಂತರ ಬರೆಯಲು ಕುಳಿತಾಗ, ಯುರೋಪಿನವರ ದುರಾಸೆಯನ್ನು ಯಾರೂ ಮರೆಯದಂತೆ ಚಿತ್ರಿಸಿದನು, ಆದರೆ ಆಫ್ರಿಕದ ಜನರಿಗೆ, ಅಚೆಬೆ ತೋರಿಸಿಕೊಟ್ಟಂತೆ, ಇಡೀ ಕಥೆಯಲ್ಲಿ ಎರಡು ಸಂದರ್ಭಗಳಲ್ಲಿ ಮಾತ್ರ ಹರಕು ಇಂಗ್ಲಿಷಿನ ಮಾತು ಕೊಟ್ಟನು.

ಇದರಿಂದ ಕಾನ್ರಾಡ್‌ನ ಮೇಲಿನ ಆರೋಪ ಸುಲಭವಾಗಿ ತೀರ್ಮಾನವಾಗುತ್ತದೆ ಎಂದು ನಾನು ಹೇಳಲಾರೆ. ಅವನ ಪತ್ರಗಳ ಸಂಪುಟಗಳನ್ನು ತಿರುವಿದಾಗ, ಕಾಂಗೋದಲ್ಲಿಯೇ ಪರಿಚಯವಾಗಿದ್ದ, ಮುಂದೆ ಅಲ್ಲಿನ ಕ್ರೌರ್ಯದ ಬಗ್ಗೆ ಬ್ರಿಟಿಷ್ ಸರ್ಕಾರಕ್ಕೆ ವರದಿ ಬರೆದ ರಾಜತಾಂತ್ರಿಕ ಅಧಿಕಾರಿ ರೋಜರ್ ಕೇಸ್‌ಮೆಂಟ್‌ಗೆ 1903ರ ಡಿಸೆಂಬರಿನಲ್ಲಿ ಬರೆದ ಪತ್ರ ಸಿಕ್ಕಿತು. ಎಪ್ಪತ್ತು ವರ್ಷಗಳ ಹಿಂದೆ ಗುಲಾಮರ ವ್ಯಾಪಾರವನ್ನು ನಿಲ್ಲಿಸಿದ ಯುರೋಪಿನ ಮನಸ್ಸಾಕ್ಷಿ ಇಂದು ಕಾಂಗೋ ರಾಜ್ಯವನ್ನು ಸಹಿಸಿಕೊಂಡಿರುವುದು ಆಶ್ಚರ್ಯವೆಂದು ಅವನು ಅದರಲ್ಲಿ ಬರೆಯುತ್ತಾನೆ. ಈ ಪತ್ರವನ್ನು ಬಿಟ್ಟು ನನ್ನ ವಾದವನ್ನು ಮಂಡಿಸುವುದು ಅಪ್ರಾಮಾಣಿಕವಾಗುತ್ತಿತ್ತು. ಅನುಕೂಲವಲ್ಲದ ಪುಟವನ್ನೂ ಜೆರಾಕ್ಸ್ ಮಾಡಿಸಿ ಕಡತಕ್ಕೆ ಸೇರಿಸಿದೆ. ಆಳುವವರ ಕ್ರೌರ್ಯವನ್ನು ಖಂಡಿಸುವುದು ಒಂದು, ಆಳಿಸಿಕೊಂಡವರನ್ನು ತನಗೆ ಸಮಾನರಾಗಿ ಕಾಣುವುದು ಇನ್ನೊಂದು, ಮತ್ತು ಒಬ್ಬನೇ ಲೇಖಕನಲ್ಲಿ ಮೊದಲನೆಯದಿದ್ದು ಎರಡನೆಯದು ಇಲ್ಲದಿರಬಹುದು ಎಂಬುದು ಎರಡೂ ಬಗೆಯ ದಾಖಲೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟಾಗ ನನಗೆ ಸ್ಪಷ್ಟವಾಯಿತು.

ಮುಂದಿನ ವರ್ಷ ಅದೇ ಪಾಠ ಬಂದಾಗ ಕರಿಹಲಗೆಯ ಮೇಲೆ ಆ ಎರಡು ದಿನಾಂಕಗಳನ್ನು ಬರೆದು, ಪತ್ರದ ಪ್ರತಿಗಳನ್ನು ಹಂಚಿದೆ. ‘ಆ ಕಾಲ’ ಎಂದರೆ ಅದರಲ್ಲಿ ವಿಲಿಯಮ್ಸ್ ಕೂಡ ಇದ್ದರೆಂಬುದನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಆದರೆ ಮೊದಲ ಪ್ರಶ್ನೆ ಕೇಳಿದ್ದ ವಿದ್ಯಾರ್ಥಿನಿ, ಆಗ ಅಂತಿಮ ವರ್ಷದಲ್ಲಿದ್ದವಳು, ಪ್ರತಿಯನ್ನು ಓದಿ ಮುಗಿಸಿ ನನ್ನ ಕೊಠಡಿಗೆ ಬಂದು, “ಮೇಡಂ, ವಿಲಿಯಮ್ಸ್ ಕೂಡ ಹೊರಗಿನಿಂದ ಹೋದವರೇ. ಕಾಂಗೋದವರು ತಾವೇ ಹೇಳಿದ್ದು ಎಲ್ಲಿಯಾದರೂ ಉಳಿದಿದೆಯೇ?” ಎಂದು ಕೇಳಿದಳು. ಈ ಬಾರಿ ಇಬ್ಬರೂ ಒಟ್ಟಿಗೆ 967ರ ಸಾಲಿಗೆ ಹೋದೆವು. 1904ರಲ್ಲಿ ಪ್ರಕಟವಾದ ಕೇಸ್‌ಮೆಂಟ್ ವರದಿಯಲ್ಲಿ ಜನರ ಹೇಳಿಕೆಗಳಿವೆ, ಆದರೆ ಅಚ್ಚು ಮಾಡುವಾಗ ಹೆಸರುಗಳನ್ನು ತೆಗೆದು ಅಕ್ಷರಗಳನ್ನು ಹಾಕಿದ್ದಾರೆ. ಲಿಯೊಪೋಲ್ಡ್ ತಾನೇ ನೇಮಿಸಬೇಕಾಗಿ ಬಂದ ವಿಚಾರಣಾ ಆಯೋಗ ನೂರಾರು ಆಫ್ರಿಕನ್ನರ ಸಾಕ್ಷ್ಯವನ್ನು ಬರೆದುಕೊಂಡಿತು. 1905ರಲ್ಲಿ ವರದಿ ಹೊರಬಂದಾಗ ಆ ಸಾಕ್ಷ್ಯಗಳು ಅದರೊಂದಿಗೆ ಬರಲಿಲ್ಲ, ಬ್ರಸೆಲ್ಸ್‌ನ ದಾಖಲೆಗಳಲ್ಲಿ 1980ರ ದಶಕದವರೆಗೂ ಮುಚ್ಚಿಕೊಂಡಿದ್ದವು. ಆಡಮ್ ಹಾಕ್‌ಶೀಲ್ಡ್ 1998ರಲ್ಲಿ ಪ್ರಕಟಿಸಿದ ಕಾಂಗೋ ಇತಿಹಾಸದಲ್ಲಿ ಅವುಗಳಲ್ಲೊಂದರ ವಿವರವಿದೆ. ಬೊಲಿಮಾ ಎಂಬಲ್ಲಿನ ಮುಖ್ಯಸ್ಥ ಲೊಂಟುಲು ಆಯೋಗದ ಮುಂದೆ ಬಂದು, ಬಲವಂತದ ರಬ್ಬರ್ ಸಂಗ್ರಹಕ್ಕಾಗಿ ಕೊಲೆಯಾದ ತನ್ನ ಜನರಲ್ಲಿ ಒಬ್ಬೊಬ್ಬರಿಗೆ ಒಂದರಂತೆ 110 ಕಡ್ಡಿಗಳನ್ನು ಮೇಜಿನ ಮೇಲಿಟ್ಟು, ಮುಖಂಡರು, ಗಂಡಸರು, ಹೆಂಗಸರು, ಮಕ್ಕಳು ಎಂದು ನಾಲ್ಕು ಗುಂಪು ಮಾಡಿ, ಒಂದೊಂದು ಕಡ್ಡಿಗೂ ಸತ್ತವರ ಹೆಸರು ಹೇಳಿದನು. ಆ ಪುಟವನ್ನು ಅವಳು ತನ್ನ ಪುಸ್ತಕದಲ್ಲಿ ಕೈಯಿಂದಲೇ ಪೂರ್ತಿಯಾಗಿ ಬರೆದುಕೊಂಡಳು.