ಶುಗರ್, ಬಿಪಿ, ಸ್ಟೆಂಟ್ ಎಲ್ಲಾ ಬರೆದೇ ಟ್ರಾವೆಲ್ ಪಾಲಿಸಿ ಮಾಡ್ಸಿದೆ, ಕ್ಲೇಮೂ ಬಂತು – ನನ್ನ ಅನುಭವ

"ಫಾರಂನಲ್ಲಿ ಕಾಯಿಲೆ ಇದೆಯಾ ಅಂತ ಕೇಳೋ ಎಲ್ಲದಕ್ಕೂ ಯೆಸ್ ಅಂತ ಹಾಕಿದ್ರೆ ಪಾಲಿಸಿನೇ ಕೊಡಲ್ಲ, ಕೊಟ್ರೂ ಪ್ರೀಮಿಯಂ ಡಬಲ್, ಪಾರ್ಟಿ (ಗಿರಾಕಿ) ನಿನ್ನ ಬಿಟ್ಟು ಇನ್ನೊಬ್ಬನ ಹತ್ರ ಹೋಗ್ತಾನೆ." ದಾವಣಗೆರೆಲಿ ನನ್ನ ಹಂಗೇ ಜನಕ್ಕೆ ಪಾಲಿಸಿ ಮಾಡ್ಸಿಕೊಡೋ ಗೆಳೆಯರೆಲ್ಲ ವರ್ಷಗಟ್ಲೆ ನನಗೆ ಹೇಳ್ಕೊಂಡು ಬಂದಿದ್ದು ಇದೇ. ಈಗ ಸ್ಟೆಂಟ್ ಇರೋ, ಶುಗರ್ ಇರೋ, ಎಪ್ಪತ್ತರ ಹತ್ರ ಇರೋ ಒಬ್ಬ ರಿಟೈರ್ಡ್ ಮೇಷ್ಟ್ರದ್ದು ಅಮೆರಿಕದಲ್ಲಿ ಹತ್ತತ್ರ 19 ಸಾವಿರ ಡಾಲರ್ ಕ್ಲೇಮ್ ಪಾಸಾಯ್ತಲ್ಲ, ಈಗ ಅದೇ ಗೆಳೆಯರು ಫೋನ್ ಮಾಡಿ "ಏನ್ ಮಾಡ್ದೆ ಹೇಳು ಮಾರಾಯ" ಅಂತಿದಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿ ಇಲ್ಲಿ ಬರೀತಿದೀನಿ. ಹೊಸಬರಿಗೆ ಎರಡೇ ಪದ: ಪಿಇಡಿ ಅಂದ್ರೆ ಪಾಲಿಸಿ ತಗೊಳೋಕೆ ಮುಂಚೆನೇ ಇದ್ದ ಹಳೇ ಕಾಯಿಲೆ, ಡಿಡಕ್ಟಿಬಲ್ ಅಂದ್ರೆ ಕ್ಲೇಮ್‌ನಲ್ಲಿ ಮೊದ್ಲು ನಾವೇ ಕೈಯಿಂದ ಕಟ್ಟೋ ಮೊತ್ತ.

ಮೊದ್ಲು ಪ್ರೀಮಿಯಂ ಡಬಲ್ ಅನ್ನೋ ಮಾತು. ಅದು ಎಲ್ಲಾ ಕಡೆ ನಿಜ ಅಲ್ಲ. ಒಂದು ಸಲ ಆಫ್ ಸೀಸನ್‌ನಲ್ಲಿ ಕೆಲಸ ಇಲ್ದೆ ಕೂತಿದ್ದಾಗ ಒಂದೇ ವಯಸ್ಸು, ಒಂದೇ ದೇಶ, ಅದೇ 180 ದಿನ ಹಾಕಿ ಬೇರೆ ಬೇರೆ ಪೋರ್ಟಲ್‌ನಲ್ಲಿ ಕೋಟ್ ತೆಗೆದೆ, ಒಂದ್ಸಲ ಕಾಯಿಲೆ 'ನೋ', ಇನ್ನೊಂದ್ಸಲ 'ಯೆಸ್', ಬೇರೆ ಏನೂ ಬದಲಾಯಿಸ್ಲಿಲ್ಲ. ಅರ್ಧಕ್ಕರ್ಧ ಕಡೆ ಪ್ರೀಮಿಯಂ ಒಂದ್ ರೂಪಾಯಿನೂ ಅಲ್ಲಾಡ್ಲಿಲ್ಲ! ಯಾಕಂದ್ರೆ ಆ ಪ್ಲಾನ್‌ಗಳಲ್ಲಿ ಹಳೇ ಕಾಯಿಲೆ ಹೆಂಗೂ ಹೊರಗೇ ಇರತ್ತೆ, ಜೀವಕ್ಕೆ ಅಪಾಯ ಬಂದಾಗ ಮಾತ್ರ ಒಂದು ಮಿತಿವರೆಗೆ ಕೊಡ್ತಾರೆ. ಅಂದ್ರೆ 'ನೋ' ಹಾಕಿದವನಿಗೆ ಉಳಿತಾಯ ಸೊನ್ನೆ, ಕ್ಲೇಮ್ ಟೈಮಲ್ಲಿ ಮಾತ್ರ ಕುತ್ತಿಗೆಗೆ ಬರತ್ತೆ. ಇನ್ನು ಕೆಲವು ಕಡೆ 'ಯೆಸ್' ಒತ್ತಿದ ತಕ್ಷಣ "ಆನ್‌ಲೈನ್‌ನಲ್ಲಿ ಕೊಡಕ್ಕಾಗಲ್ಲ" ಅಂತ ಪೇಜ್ ನಿಂತೇ ಹೋಗತ್ತೆ, ನಮ್ಮೋರು ಅಲ್ಲಿಗೇ ಸೋತು ವಾಪಸ್ ಹೋಗಿ 'ನೋ' ಒತ್ತೋದು. ಆ ಪೇಜ್ ನಿಂತ್ರೆ ಕಂಪನಿ ಬೇಡ ಅಂದಿದೆ ಅಂತ ಅರ್ಥ ಅಲ್ಲ, ಅಂಡರ್‌ರೈಟರ್ (ಅರ್ಜಿ ನೋಡಿ ಪಾಲಿಸಿ ಕೊಡ್ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋ ಕಂಪನಿಯವರು) ಹತ್ರ ಹೋಗು ಅಂತ ಅಷ್ಟೇ. ನಾನು ಹೋದೆ.

ಹೋಗಿ ಮೊದ್ಲು ಚೆನ್ನಾಗಿ ಏಟು ತಿಂದೆ. ಶುರುವಿನಲ್ಲಿ ಪಾರ್ಟಿ ಕಡೆಯಿಂದ ಡಾಕ್ಟರ್ ಸರ್ಟಿಫಿಕೇಟ್ ತರಿಸಿದ್ರೆ "ಫಿಟ್ ಟು ಟ್ರಾವೆಲ್" ಅಂತ ಒಂದು ಸಾಲು, ಕೆಳಗೆ ಸೀಲು. ಅದು ವಿಮಾನ ಹತ್ತಕ್ಕೆ ಸರಿ, ಅಂಡರ್‌ರೈಟರ್‌ಗೆ ಮೂರು ಕಾಸಿಗೂ ಬೇಡ. ಆಮೇಲೆ ಇಡೀ ಫೈಲ್ ಸ್ಕ್ಯಾನ್ ಮಾಡಿ ಕಳಿಸಿದೆ, ಡಿಸ್ಚಾರ್ಜ್ ಸಮ್ಮರಿ, ಎಕೋ (ಹೃದಯದ ಸ್ಕ್ಯಾನ್), ಹತ್ತು ವರ್ಷದ ಲ್ಯಾಬ್ ಚೀಟಿ, ಸುಮಾರು 60-70 ಪೇಜ್. ಎರಡು ವಾರ ಉತ್ತರ ಇಲ್ಲ, ಬಂದಾಗ ಒಂದೇ ಪದ: ಡಿಕ್ಲೈನ್ಡ್, ಅಂದ್ರೆ ಕೊಡಲ್ಲ. ಅಷ್ಟರಲ್ಲಿ ಟಿಕೆಟ್ ಡೇಟ್ ಹತ್ರ ಬಂದು ಆ ಪಾರ್ಟಿ ಬೇರೆಯವರ ಹತ್ರ 'ನೋ' ಪಾಲಿಸಿ ತಗೊಂಡು ಹಾರಿದ್ರು. ಇನ್ನೊಬ್ಬರಿಗೆ ಟಿಎಮ್‌ಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡೋ ಹೃದಯದ ಟೆಸ್ಟ್), ಎಕೋ, ಲಿಪಿಡ್ (ಕೊಲೆಸ್ಟ್ರಾಲ್ ಟೆಸ್ಟ್) ಎಲ್ಲಾ ಸೇರಿ 5 ಸಾವಿರದ ಹತ್ರ ಖರ್ಚಾಗಿ ಕೊನೆಗೂ ಸಿಗಲಿಲ್ಲ, ಆ ದುಡ್ಡಲ್ಲಿ ಅರ್ಧ ನಾನೇ ಮುಖ ಉಳಿಸ್ಕೊಳಕ್ಕೆ ಕೊಟ್ಟೆ. ಒಂದು ಪಾಲಿಸಿಗೆ ನಮಗೆ ಉಳಿಯೋದೇ ಎಷ್ಟು ಅಂತ ನಿಮಗೆ ಗೊತ್ತು, ಮನೇಲಿ ಬೈಸ್ಕೊಂಡೆ.

ದಾರಿ ಸಿಕ್ಕಿದ್ದು ಮಾತ್ರೆ ಡಬ್ಬಿಯಿಂದ. ನಮ್ಮ ಜನಕ್ಕೆ "ಏನಾದ್ರೂ ಕಾಯಿಲೆ ಇದೆಯಾ" ಅಂತ ಕೇಳಿದ್ರೆ "ಏನಿಲ್ಲಪ್ಪ, ಸ್ವಲ್ಪ ಶುಗರ್ ಅಷ್ಟೇ, ಬಾರ್ಡರ್‌ಲೈನು" ಅಂತಾರೆ. ಸುಳ್ಳು ಹೇಳಲ್ಲ ಪಾಪ, ಮಾತ್ರೆ ತಗೊಂಡು ಕಂಟ್ರೋಲ್‌ನಲ್ಲಿದ್ರೆ ಅದು ಕಾಯಿಲೆನೇ ಅಲ್ಲ ಅಂತ ಅವರ ಲೆಕ್ಕ. ಅದಕ್ಕೆ ನಾನು ಕಾಯಿಲೆ ಕೇಳೋದೇ ಬಿಟ್ಟೆ. "ಮೇಷ್ಟ್ರೇ, ಮನೇಲಿರೋ ಮಾತ್ರೆ ಡಬ್ಬಿ ಎತ್ಕೊಂಡು ಬನ್ನಿ, ಅಮ್ಮಾವ್ರದ್ದೂ" ಅಂದೆ. ಬಿಸ್ಕತ್ ಡಬ್ಬಿ ತುಂಬ ತಂದ್ರು. ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟಾನ್, ಎಕೋಸ್ಪ್ರಿನ್, ಅಟೋರ್ವಾಸ್ಟಾಟಿನ್, ರಾತ್ರಿ ಗ್ಯಾಸ್‌ದು ಒಂದು. ಅಮ್ಮಾವ್ರ ಕಡೆ ಥೈರಾಯ್ಡ್ ಮಾತ್ರೆ, ಅದು ಅವರು ಬಾಯಲ್ಲಿ ಹೇಳೇ ಇರ್ಲಿಲ್ಲ. ಜನೌಷಧಿ ಕೇಂದ್ರದಲ್ಲಿ ತಗೊಳೋರಾದ್ರೆ ಇನ್ನೂ ಒಳ್ಳೇದು, ಸ್ಟ್ರಿಪ್ ಮೇಲೆ ಬ್ರ್ಯಾಂಡ್ ಬದ್ಲು ಔಷಧಿ ಹೆಸರೇ ಇರತ್ತೆ, ಅಮೆರಿಕದ ಡಾಕ್ಟರ್‌ಗೂ ಅದೇ ಬೇಕು.

ಆ ಡಬ್ಬಿ ಇಟ್ಕೊಂಡು ಒಂದೇ ಒಂದು ಪೇಜ್ ಟೈಪ್ ಮಾಡಿದೆ. ಒಂದೊಂದು ಮಾತ್ರೆ, ಎಷ್ಟು ಎಂಜಿ, ಯಾವ ವರ್ಷದಿಂದ, ಯಾತಕ್ಕೆ, ಡೋಸ್ ಕೊನೇ ಸಲ ಬದಲಾಗಿದ್ದು ಯಾವಾಗ. ಕೆಳಗೆ ಸ್ಟೆಂಟ್ ಹಾಕಿದ ವರ್ಷ, ಅದಾದ್ಮೇಲೆ ಅಡ್ಮಿಟ್ ಆಗಿದಾರಾ ಇಲ್ವಾ, ಈಚಿನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಎಕೋದಲ್ಲಿ ಇಎಫ್ (ಹೃದಯ ರಕ್ತ ಪಂಪ್ ಮಾಡೋ ಶಕ್ತಿ) ಎಷ್ಟು. ಹಳೇ ಆಪರೇಷನ್‌ಗಳೂ ಬರೀಬೇಕು, ಕಣ್ಣಿನ ಪೊರೆ, ಗರ್ಭಕೋಶ, ಕಿಡ್ನಿ ಸ್ಟೋನ್, ಏನಿದ್ರೂ. ಇದನ್ನ ಅವರ ಫ್ಯಾಮಿಲಿ ಡಾಕ್ಟರ್ ಹತ್ರ ತಗೊಂಡು ಹೋಗಿ, ಅವರು ತಮ್ಮ ರೆಕಾರ್ಡ್ ಜೊತೆ ತಾಳೆ ನೋಡಿ ತಿದ್ದಿ ಸಹಿ, ಸೀಲು, ಕೆಎಂಸಿ (ಕರ್ನಾಟಕ ಮೆಡಿಕಲ್ ಕೌನ್ಸಿಲ್) ರಿಜಿಸ್ಟ್ರೇಷನ್ ನಂಬರ್ ಹಾಕಿದ್ರು. ಫೀಸು 300 ರೂಪಾಯಿ. ಡಾಕ್ಟರ್‌ಗೆ ಬರೆಯೋ ತೊಂದ್ರೆ ತಪ್ಪಿಸಿದ್ರೆ ಅವರೂ ಖುಷಿಯಾಗಿ ಮಾಡ್ಕೊಡ್ತಾರೆ.

ಅಟೋರ್ವಾಸ್ಟಾಟಿನ್ ಬಗ್ಗೆ ಒಂದು ಮಾತು ಬೇರೆಯಾಗಿ ಹೇಳ್ಬೇಕು. ಶುಗರ್ ಇರೋರಿಗೆ ಕೊಲೆಸ್ಟ್ರಾಲ್ ಜಾಸ್ತಿ ಇಲ್ದಿದ್ರೂ ಹೃದಯದ ಮುಂಜಾಗ್ರತೆಗೆ ಸ್ಟ್ಯಾಟಿನ್ (ಅಟೋರ್ವಾಸ್ಟಾಟಿನ್ ಥರದ ಕೊಲೆಸ್ಟ್ರಾಲ್ ಇಳಿಸೋ ಮಾತ್ರೆ) ಕೊಡೋದು ಮಾಮೂಲಿ. ನಾವು ಅದನ್ನ ಬರೆಯಲ್ಲ, ಕ್ಲೇಮ್ ಬಂದಾಗ ಕಂಪನಿ "ಕೊಲೆಸ್ಟ್ರಾಲ್ ಕಾಯಿಲೆ ಮುಚ್ಚಿಟ್ರಿ" ಅಂತ ಹಿಡ್ಕೊಳತ್ತೆ. ಸುಪ್ರೀಂ ಕೋರ್ಟ್‌ನ ಮನಮೋಹನ್ ನಂದಾ ಕೇಸ್ ಇದೇ ಜಗಳ. 2009ರಲ್ಲಿ ಅವರು ಓವರ್‌ಸೀಸ್ ಮೆಡಿಕ್ಲೇಮ್ ತಗೊಂಡು ಅಮೆರಿಕಕ್ಕೆ ಹೋದ್ರು, ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟ್‌ನಲ್ಲೇ ಹೃದಯದ ತೊಂದ್ರೆ ಆಗಿ ಮೂರು ಸ್ಟೆಂಟ್ ಬಿತ್ತು. ಶುಗರ್ ಇದೆ ಅಂತ ಮೊದ್ಲೇ ಹೇಳಿದ್ರು, ಮೆಡಿಕಲ್ ಚೆಕಪ್ ಆಗೇ ಪಾಲಿಸಿ ಬಂದಿತ್ತು, ಆದ್ರೂ ಸ್ಟ್ಯಾಟಿನ್ ಹೇಳಿಲ್ಲ ಅಂತ ಕ್ಲೇಮ್ ಬೇಡ ಅಂದ್ರು. 2021ರ ಡಿಸೆಂಬರ್‌ನಲ್ಲಿ ತೀರ್ಪು ಬಂತು, ಬರೆದಿದ್ದು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ: ಗ್ರಾಹಕ ಹೇಳಿದ ಆರೋಗ್ಯ ಸ್ಥಿತಿ ನೋಡಿ ಒಪ್ಪಿ ಪಾಲಿಸಿ ಕೊಟ್ಟ ಮೇಲೆ ಅದೇ ಸ್ಥಿತಿ ತೋರಿಸಿ ಕ್ಲೇಮ್ ತಿರಸ್ಕರಿಸೋ ಹಾಗಿಲ್ಲ. ಗೆದ್ರು, ಆದ್ರೆ 12 ವರ್ಷ! ನಮ್ಮ ಮೇಷ್ಟ್ರಿಗೆ ಅಷ್ಟು ತಾಳ್ಮೆ ಎಲ್ಲಿಂದ ತರೋದು. ಅದಕ್ಕೆ ಆ ಪೇಜ್‌ನಲ್ಲಿ ಸ್ಟ್ಯಾಟಿನ್ ಯಾತಕ್ಕೆ ಕೊಟ್ಟಿದ್ದು ಅಂತ ಡಾಕ್ಟರ್ ಕೈಲೇ ಒಂದು ಸಾಲು ಬರೆಸಿದೆ. ಮುಂಜಾಗ್ರತೆಗೆ ಕೊಟ್ಟಿದ್ರೆ ಹಂಗೆ, ಸ್ಟೆಂಟ್ ಆದ್ಮೇಲೆ ಕೊಟ್ಟಿದ್ರೆ ಹಿಂಗೆ.

ಪೇಜ್ ರೆಡಿ ಆದ್ಮೇಲೆ ದುಡ್ಡು ಕಟ್ಟೋಕೆ ಮುಂಚೆ ಕಂಪನಿಗಳಿಗೆ ಮೇಲ್ ಹಾಕಿದೆ. ಫೋನ್‌ನಲ್ಲಿ ಮಾತಾಡೋದು ಬೇಡವೇ ಬೇಡ, ಕಾಲ್ ಸೆಂಟರ್‌ನವರು "ಎಲ್ಲಾ ಕವರ್ ಆಗತ್ತೆ ಸರ್" ಅಂತಾರೆ, ಪಾಲಿಸಿ ವರ್ಡಿಂಗ್ ಬೇರೆನೇ ಹೇಳತ್ತೆ. ಮೇಲ್‌ನಲ್ಲಿ ಮೂರು ಪ್ರಶ್ನೆ ಕೇಳ್ತೀನಿ. ಎರಡು ಯಾರಿಗಾದ್ರೂ ಹೊಳಿಯೋದೇ, ಈ ಸ್ಥಿತಿಗಳನ್ನ ನೋಡಿ ಪಾಲಿಸಿ ಕೊಡ್ತೀರಾ, ಜೀವಾಪಾಯದ ಪರಿಸ್ಥಿತಿಲಿ ಹಳೇ ಕಾಯಿಲೆಗೆ ಮಿತಿ ಎಷ್ಟು ಡಾಲರ್. ಮೂರನೇ ಪ್ರಶ್ನೆ ಇಲ್ಲಿ ಬರೆಯಲ್ಲ, ಅದು ಕಲಿಯೋಕೆ ನಾನು ಕಳ್ಕೊಂಡಿರೋ ಗಿರಾಕಿಗಳ ಲೆಕ್ಕ ನನಗೇ ಗೊತ್ತು. ಯಾವ ಡೆಸ್ಕ್‌ಗೆ ಕಳಿಸ್ಬೇಕು ಅನ್ನೋದೂ ಸದ್ಯಕ್ಕೆ ನನ್ನ ಹತ್ರನೇ ಇರ್ಲಿ.

ನಾಲ್ಕೈದು ಕಡೆ ಹಾಕಿದ್ರಲ್ಲಿ ಒಬ್ಬರು ಬೇಡ ಅಂದ್ರು, ಒಬ್ಬರು ಉತ್ತರನೇ ಕೊಡ್ಲಿಲ್ಲ, ಒಬ್ಬರ ಮಿತಿ 1500 ಡಾಲರ್‌ಗೆ ನಿಂತಿತ್ತು, ಅಲ್ಲಿ ಎಮರ್ಜೆನ್ಸಿ ರೂಮ್ ಬಾಗಿಲು ದಾಟಕ್ಕೂ ಸಾಲಲ್ಲ. ಕೊನೆಗೆ ಒಂದು ಕಂಪನಿ ದೊಡ್ಡ ಪ್ಲಾನ್‌ನಲ್ಲಿ, ಎರಡೂವರೆ ಲಕ್ಷ ಡಾಲರ್‌ದು, ಹಳೇ ಕಾಯಿಲೆಗೆ 25 ಸಾವಿರ ಡಾಲರ್‌ವರೆಗೆ ಒಪ್ತು. ಮೇಷ್ಟ್ರದ್ದು ಪ್ರೀಮಿಯಂ ಸುಮಾರು 48 ಸಾವಿರ ರೂಪಾಯಿ ಆಯ್ತು, ಅಮ್ಮಾವ್ರದ್ದು ಕಡಿಮೆ. 'ನೋ' ಹಾಕಿ ಚಿಕ್ಕ ಪ್ಲಾನ್ ತಗೊಂಡಿದ್ರೆ 26-27ಕ್ಕೆ ಮುಗೀತಿತ್ತು, ಮೇಷ್ಟ್ರ ಭಾಮೈದ ಬೇರೆ "ಭಾವ, ಈ ಹುಡುಗ ಕಮಿಷನ್‌ಗೆ ಜಾಸ್ತಿದು ಕಟ್ತಿದಾನೆ" ಅಂತ ನನ್ನ ಮುಂದೇನೇ ಅಂದ್ರು. ಸುಮ್ನಿದ್ದೆ. ಪಾಲಿಸಿ ಬಂದ ದಿನವೇ ಪ್ರಪೋಸಲ್ ಫಾರಂ ಕಾಪಿ ತೆಗೆಸಿ, ಸ್ಟೆಂಟ್, ಶುಗರ್, ಬಿಪಿ ಮೂರೂ ಅದ್ರಲ್ಲಿ ಬಿದ್ದಿದೆಯಾ ಅಂತ ನೋಡಿದೆ. ಬಿಪಿ ಬಿದ್ದಿರ್ಲಿಲ್ಲ! ಮತ್ತೆ ಮೇಲ್ ಹಾಕಿ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸೋ ತಿದ್ದುಪಡಿ ಪತ್ರ) ತಗೊಳಕ್ಕೆ ಒಂದು ವಾರ ಹಿಡೀತು.

ಡಲ್ಲಾಸ್ ಹತ್ರ ಮಗಳ ಮನೇಲಿ ಮೂರನೇ ತಿಂಗಳೋ ಏನೋ, ರಾತ್ರಿ ಎದೆ ಹಿಡ್ಕೊಳ್ತು. ಮಗಳು 911ಗೆ ಫೋನ್ ಮಾಡಿ, ಆಂಬುಲೆನ್ಸ್‌ನಲ್ಲಿ ಕೂತೇ ಪಾಲಿಸಿಯ ಅಸಿಸ್ಟೆನ್ಸ್ ನಂಬರ್‌ಗೂ ಮಾಡಿದ್ಲು, ಅದನ್ನ ಫ್ರಿಜ್ ಮೇಲೆ ಅಂಟಿಸು ಅಂತ ಮೊದ್ಲೇ ಹೇಳಿದ್ದೆ. ಎರಡು ರಾತ್ರಿ ಇದ್ರು. ಇಲ್ಲಿ ಒಂದು ವಿಷ್ಯ ಗಮನಿಸಿ, ಎಮರ್ಜೆನ್ಸಿಲಿ ಡಾಕ್ಟರ್ ಕೇಳೋ ಮೊದಲ ಪ್ರಶ್ನೆಗಳಲ್ಲಿ ಹಳೇ ಕಾಯಿಲೆನೂ ಒಂದು, ಜೀವಭಯದಲ್ಲಿ ಯಾರೂ ಸುಳ್ಳು ಹೇಳಲ್ಲ, ಹೇಳ್ಲೂಬಾರ್ದು. ಮೇಷ್ಟ್ರು "ಸ್ಟೆಂಟ್ ಇದೆ, ಶುಗರ್ ಹದಿನೈದು ವರ್ಷದಿಂದ" ಅಂದಿದ್ದು ನೇರ ರೆಕಾರ್ಡ್‌ಗೆ ಹೋಯ್ತು. ಕ್ಲೇಮ್ ನೋಡೋನು ಮೊದ್ಲು ಓದೋದೇ ಆ ಸಾಲನ್ನ. ನನಗೆ ಗೊತ್ತಿರೋ ಇನ್ನೊಬ್ಬರ ಕೇಸ್‌ನಲ್ಲಿ ಫಾರಂನಲ್ಲಿ ಬಿಪಿ 'ನೋ', ಆಸ್ಪತ್ರೆ ರೆಕಾರ್ಡ್‌ನಲ್ಲಿ 'ಬಿಪಿ ಹತ್ತು ವರ್ಷದಿಂದ', ಅಲ್ಲಿಗೆ ಮುಗೀತು, ಮಗ ಇನ್ನೂ ಕಂತಲ್ಲಿ ಆ ಬಿಲ್ ಕಟ್ತಿದಾನೆ. ನಮ್ಮ ಕೇಸ್‌ನಲ್ಲಿ ಫಾರಂ, ಡಾಕ್ಟರ್ ಪೇಜ್, ಆಸ್ಪತ್ರೆ ರೆಕಾರ್ಡ್ ಮೂರೂ ಒಂದೇ ಮಾತು ಹೇಳಿದ್ವು.

ಹಂಗಂತ ಸುಲಭವಾಗಿ ಆಗ್ಲಿಲ್ಲ. ಬಿಲ್ ಅಲ್ಲಿ ಒಂದೇ ಸಲ ಬರಲ್ಲ, ಆಸ್ಪತ್ರೆದು ಬೇರೆ, ಡಾಕ್ಟರ್‌ದು ಬೇರೆ, ಸ್ಕ್ಯಾನ್ ಓದಿದವನದ್ದು ಬೇರೆ, ಆಂಬುಲೆನ್ಸ್‌ದು ಇನ್ನೂ ಬೇರೆ, ಎರಡು ತಿಂಗಳು ಬರ್ತಾನೇ ಇತ್ತು. ಎಲ್ಲಾ ಸೇರಿ ಮೂವತ್ತು ಸಾವಿರ ಡಾಲರ್ ದಾಟಿತ್ತು, ಅಸಿಸ್ಟೆನ್ಸ್ ಕಂಪನಿ ನೆಟ್‌ವರ್ಕ್ ರೇಟ್‌ಗೆ ಇಳಿಸಿ 19 ಸಾವಿರಕ್ಕೆ ತಂದ್ರು, 100 ಡಾಲರ್ ಡಿಡಕ್ಟಿಬಲ್ ಬಿಟ್ಟು ಉಳಿದಿದ್ದು ಕೊಟ್ರು. ಮಗಳಿಗೆ ಬರೀ ಸಮ್ಮರಿ ಬಿಲ್ ಸಾಲಲ್ಲ, ವಿವರವಾದ ಬಿಲ್ ಫಾರಂಗಳು ಬೇಕು, ಆಸ್ಪತ್ರೆಯಿಂದ ಯುಬಿ-04, ಡಾಕ್ಟರ್‌ಗಳಿಂದ ಸಿಎಂಎಸ್-1500 ಕೇಳಿ ತಗೋ ಅಂದಿದ್ದೆ, ಆಸ್ಪತ್ರೆ ರೆಕಾರ್ಡ್ ಕೊಡಕ್ಕೆ ಮೇಷ್ಟ್ರು ಡಿಸ್ಚಾರ್ಜ್ ದಿನವೇ ಒಪ್ಪಿಗೆ ಸಹಿ ಹಾಕಿದ್ರು. ಪಾಸ್‌ಪೋರ್ಟ್‌ನಲ್ಲಿ ಎಂಟ್ರಿ ಸ್ಟ್ಯಾಂಪ್ ಇರ್ಲಿಲ್ಲ, ಐ-94 (ಅಮೆರಿಕಕ್ಕೆ ಬಂದ ದಾಖಲೆ) ಪ್ರಿಂಟ್ ಕೊಟ್ವಿ. ಮಧ್ಯದಲ್ಲಿ ಒಂದು ಸಲ "ಸ್ಟೆಂಟ್ ಬಗ್ಗೆ ಮೊದ್ಲೇ ತಿಳಿಸಿದ್ರಾ" ಅಂತ ಪತ್ರ ಬಂತು, ನಾನು ಅವರದ್ದೇ ಅಂಡರ್‌ರೈಟರ್ ಮೇಲ್ ಲಗತ್ತಿಸಿ ಎರಡು ಸಾಲಿನ ಉತ್ತರ ಬರೆದೆ. ಆಮೇಲೆ ಆ ಪ್ರಶ್ನೆ ಮತ್ತೆ ಏಳ್ಲಿಲ್ಲ. ಆ ಎರಡು ಸಾಲು ಫ್ರೇಮ್ ಹಾಕ್ಸೋಣ ಅನ್ಸಿದೆ, ನಗಬೇಡಿ. ಭಾಮೈದ ಈಗ ತನ್ನ ಪಾಲಿಸಿಗೂ ನನ್ನ ಹತ್ರನೇ ಬಂದಿದಾರೆ.

ಕಂಪನಿ ಕ್ಲೇಮ್ ಬೇಡ ಅಂದಿದ್ರೆ ಬೆಂಗಳೂರು ಜೆ.ಪಿ. ನಗರದ ಇನ್ಶೂರೆನ್ಸ್ ಓಂಬುಡ್ಸ್‌ಮನ್ (ವಿಮೆ ದೂರು ತೀರ್ಮಾನ ಮಾಡೋ ಅಧಿಕಾರಿ) ಹತ್ರ ಹೋಗೋಕೆ ಕಾಗದ ರೆಡಿ ಇಟ್ಟಿದ್ದೆ. ಫೀಸಿಲ್ಲ, ವಕೀಲರು ಬೇಡ, 50 ಲಕ್ಷದವರೆಗೆ ನೋಡ್ತಾರೆ, ಮೊದ್ಲು ಕಂಪನಿಗೇ ದೂರು ಕೊಟ್ಟಿರ್ಬೇಕು, ತಿರಸ್ಕಾರ ಆದ ಒಂದು ವರ್ಷದೊಳಗೆ ಹೋಗ್ಬೇಕು.

ಈ ಮಧ್ಯೆ ಇನ್ನೊಂದು ಪ್ರಯೋಗ. ಕೆಲವು ಮಕ್ಕಳು ಅಮೆರಿಕದಲ್ಲೇ ವಿಸಿಟರ್ ಇನ್ಶೂರೆನ್ಸ್ ತಗೊಳ್ತಾರೆ, ಅದ್ರಲ್ಲಿ ಸಾಮಾನ್ಯವಾಗಿ ಕಾಯಿಲೆ ಪ್ರಶ್ನೆಗಳೇ ಇರಲ್ಲ, ಅದಕ್ಕೇ ಜನಕ್ಕೆ ಇಷ್ಟ. ಆದ್ರೆ ಅಲ್ಲಿ ಹಳೇ ಕಾಯಿಲೆಗೆ 'ಅಕ್ಯೂಟ್ ಆನ್‌ಸೆಟ್' ಅಂತ ಇರತ್ತೆ, ಸೂಚನೆನೇ ಇಲ್ದೆ ಇದ್ದಕ್ಕಿದ್ದಂಗೆ ಆಗಿರ್ಬೇಕು, 24 ಗಂಟೆ ಒಳಗೆ ಚಿಕಿತ್ಸೆಗೆ ಹೋಗಿರ್ಬೇಕು, ವಯಸ್ಸು ದಾಟಿದ್ರೆ ಮಿತಿ ಕುಸಿಯತ್ತೆ. "ಎರಡು ದಿನದಿಂದ ಸ್ವಲ್ಪ ಎದೆ ಭಾರ ಇತ್ತು" ಅಂತ ಅಮ್ಮ ಡಾಕ್ಟರ್ ಮುಂದೆ ಅಂದ್ರೆ ಕಷ್ಟ. ಮತ್ತೆ ಜಗಳ ಬಂದ್ರೆ ನಮ್ಮ ಓಂಬುಡ್ಸ್‌ಮನ್‌ಗೆ ಅದು ಬರಲ್ಲ. ಒಂದು ಹರಿಹರದ ದಂಪತಿಗೆ ಇಲ್ಲಿದು, ಅಲ್ಲಿದು ಎರಡೂ ಇರ್ಲಿ ಅಂತ ಮಗನೇ ಅಲ್ಲಿಂದ ತಗೊಂಡ, ಏನೂ ಆಗ್ದೆ ವಾಪಸ್ ಬಂದ್ರು, ಹಂಗಾಗಿ ಯಾವುದು ಮೇಲು ಅಂತ ಗೊತ್ತಾಗ್ಲಿಲ್ಲ.

ಕೆನಡಾ ಸೂಪರ್ ವೀಸಾದ್ದು (ಅಲ್ಲಿರೋ ಮಕ್ಕಳ ಹತ್ರ ಹೋಗಿ ಇರಕ್ಕೆ ಅಪ್ಪ-ಅಮ್ಮನಿಗೆ ಕೊಡೋ ವೀಸಾ) ಇನ್ನೊಂದೇ ಆಟ, ಒಂದು ಲಕ್ಷ ಕೆನಡಿಯನ್ ಡಾಲರ್ ಕವರ್ ಕಡ್ಡಾಯ, ಅದ್ರ ಮೇಲೆ 'ಸ್ಟೇಬಲ್' ಅನ್ನೋ ಷರತ್ತು. ಪ್ಲಾನ್ ನೋಡ್ಕೊಂಡು 90 ದಿನನೋ 180 ದಿನನೋ ಮಾತ್ರೆ, ಡೋಸ್ ಏನೂ ಬದಲಾಗಿರ್ಬಾರ್ದು, ಎಷ್ಟೋ ಪಾಲಿಸಿಲಿ ಡೋಸ್ ಕಡಿಮೆ ಮಾಡಿದ್ರೂ ಅದು ಬದಲಾವಣೆನೇ. ನನ್ನ ಪೇಜ್‌ನಲ್ಲಿ 'ಡೋಸ್ ಕೊನೇ ಸಲ ಬದಲಾಗಿದ್ದು' ಅನ್ನೋ ಕಾಲಂ ಹುಟ್ಟಿದ್ದೇ ಇಲ್ಲಿಂದ. ಈಗ ಕೈಲಿರೋ ಒಬ್ಬರಿಗೆ ಹೊರಡೋ ತಿಂಗಳ ಮುಂಚೆ ಬಿಪಿ ಮಾತ್ರೆ 40ರಿಂದ 80ಕ್ಕೆ ಏರ್ತು. ಡಾಕ್ಟರ್ ಬರೆದ ಡೋಸ್ ತಗೊಳಿ, ಅದ್ರಲ್ಲಿ ರಾಜಿ ಬೇಡ, ಟಿಕೆಟ್ ಮುಂದಕ್ಕೆ ಹಾಕೋಣ ಅಂದೆ. ಏರ್‌ಲೈನ್‌ಗೆ ಇಬ್ಬರದ್ದೂ ಸೇರಿ 18 ಸಾವಿರದಷ್ಟು ದಂಡ ಬಿತ್ತು, ಸೊಸೆ ಸಿಟ್ಟಾಗಿದಾಳೆ, ಸೀಮಂತಕ್ಕೆ ಬರಕ್ಕಾಗಲ್ಲ ಅಂತ. ಹೆರಿಗೆ ಹೊತ್ತಿಗೆ 90 ದಿನ ಕಳೆದಿರತ್ತೆ, ಪಾಲಿಸಿ ಶುರು ಡೇಟ್ ಬದಲಾಯಿಸಕ್ಕೆ ಬರೆದಿದೀನಿ, ಉತ್ತರ ಇನ್ನೂ ಬರ್ಬೇಕು.