ಬೇಸಿಗೆಯಲ್ಲಿ ಒಲೆ ಒಂದೇ ಹೊತ್ತು

ಬೇಸಿಗೆ ಬಂತೆಂದರೆ ಕೋಲಾರದ ಕಡೆ ಬೋರ್‌ವೆಲ್ ಮೋಟಾರುಗಳು ಸುಡುವುದಕ್ಕೆ ಶುರುವಾಗುತ್ತವೆ. ನೀರು ಕೆಳಗೆ ಇಳಿದಿರುತ್ತದೆ, ವೋಲ್ಟೇಜ್ ಸರಿ ಇರುವುದಿಲ್ಲ. ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಊರಿಗೆಲ್ಲ ರಜೆ ಇರುವ ಏಪ್ರಿಲ್, ಮೇ ತಿಂಗಳಲ್ಲೇ ನನಗೆ ಕೆಲಸ ಜಾಸ್ತಿ. ಹೆಂಡತಿಗೆ ನರಸಾಪುರದಲ್ಲಿ ಫ್ಯಾಕ್ಟರಿ ಕೆಲಸ, ಆರೂವರೆಗೆ ಬಸ್ಸು. ಮನೆಯಲ್ಲಿ ಅಮ್ಮ, ರಜೆಯಲ್ಲಿರುವ ಇಬ್ಬರು ಮಕ್ಕಳು. ಬೆಳಗಿನ ಅಡುಗೆ ನನ್ನದು.

ನಮ್ಮದು ಆರ್‌ಸಿಸಿ ಮನೆ. ಹನ್ನೊಂದು ಗಂಟೆ ಆದ ಮೇಲೆ ಅಡುಗೆಮನೆಯಲ್ಲಿ ನಿಲ್ಲುವುದಕ್ಕೇ ಆಗುವುದಿಲ್ಲ. ಅದಕ್ಕೆ ನಮ್ಮಲ್ಲಿ ಒಲೆ ಹಚ್ಚುವುದು ಐದೂಕಾಲಿಗೆ, ಆರಿಸುವುದು ಏಳರೊಳಗೆ. ಸಂಜೆ ಬೇಕಾದರೆ ಒಂದು ಒಗ್ಗರಣೆ, ಒಂದು ಕುದಿ, ಅಷ್ಟೇ. ಮಿಕ್ಸಿ ಕೆಲಸವೂ ಬೆಳಗ್ಗೆಯೇ ಮುಗಿಯಬೇಕು, ಕರೆಂಟನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಬೇಯಿಸುವುದು ಕಾಳು, ಅನ್ನ, ರಾಗಿ. ಉಳಿದದ್ದೆಲ್ಲ ಹಸಿಯದು, ಇಲ್ಲವೇ ಮೊಸರಿನದು. ಕಾಳನ್ನು ಮಾತ್ರ ಬಿಡಬೇಡಿ. ಬರೀ ಮೊಸರನ್ನ ತಿಂದ ಮಕ್ಕಳು ಒಂದು ಗಂಟೆಗೆಲ್ಲ ಬಿಸ್ಕತ್ತಿನ ಡಬ್ಬಕ್ಕೆ ಕೈ ಹಾಕುತ್ತಾರೆ.

ಮೊದಲು ಉಪ್ಸಾರು. ಇದರಷ್ಟು ಲಾಭದ ಅಡುಗೆ ನನಗೆ ಬೇರೆ ಕಾಣುವುದಿಲ್ಲ. ಒಂದೇ ಕುಕ್ಕರಿನಲ್ಲಿ ಸಾರೂ ಆಯಿತು, ಪಲ್ಯವೂ ಆಯಿತು. ಒಂದು ಪಾವು ಹೆಸರುಕಾಳನ್ನು ರಾತ್ರಿಯೇ ನೆನೆಹಾಕಿ. ಬೆಳಗ್ಗೆ ಏಳು ಲೋಟ ನೀರು ಹಾಕಿ ಒಂದೇ ವಿಷಲ್ ಕೂಗಿಸಿ. ನೆನೆಹಾಕುವುದು ಮರೆತಿದ್ದರೆ ಮೂರು ವಿಷಲ್. ಪ್ರೆಷರ್ ಇಳಿದ ಮೇಲೆ ಎರಡು ಕಟ್ಟು ದಂಟಿನ ಸೊಪ್ಪನ್ನು ಹೆಚ್ಚಿ ಹಾಕಿ, ಉಪ್ಪು ಹಾಕಿ, ಮುಚ್ಚಳ ಮುಚ್ಚದೆ ಐದು ನಿಮಿಷ ಕುದಿಸಿ. ಸೊಪ್ಪನ್ನು ಕಾಳಿನ ಜೊತೆಗೇ ಕೂಗಿಸಿದರೆ ಕರಗಿ ಹೋಗುತ್ತದೆ, ಆಮೇಲೆ ಪಲ್ಯಕ್ಕೆ ಏನೂ ಉಳಿಯುವುದಿಲ್ಲ. ಈಗ ಬಸಿದುಕೊಳ್ಳಿ. ಬಸಿದ ನೀರೇ ಸಾರು.

ಖಾರ ಬೇರೆ ಅರೆಯಬೇಕು. ಎಂಟು ಒಣಮೆಣಸಿನಕಾಯಿಯನ್ನು ಸ್ವಲ್ಪ ಹುರಿದು, ಎಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಣಸು, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಉಪ್ಪು ಸೇರಿಸಿ ಗಟ್ಟಿಯಾಗಿ ಅರೆಯಿರಿ. ಇದನ್ನು ಸಾರಿಗೆ ಬೆರೆಸಬೇಡಿ. ಊಟಕ್ಕೆ ಕೂತಾಗ ಅವರವರ ತಟ್ಟೆಗೆ ಎಷ್ಟು ಬೇಕೋ ಅಷ್ಟು ಕಲಸಿಕೊಳ್ಳಲಿ. ಚಿಕ್ಕವನು ಉಗುರಿನಷ್ಟು ತಗೋತಾನೆ, ಅಮ್ಮನಿಗೆ ಒಂದು ಉಂಡೆ ಬೇಕು. ಮಕ್ಕಳಿಗೊಂದು, ದೊಡ್ಡವರಿಗೊಂದು ಅಂತ ಅಡುಗೆ ಮಾಡುವ ತಲೆನೋವೇ ಇಲ್ಲ, ಅಲ್ವಾ? ಈ ಖಾರ ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ.

ಬಸಿದ ಕಾಳು ಸೊಪ್ಪಿಗೆ ಸಾಸಿವೆ, ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಡಿ. ಕಾಯಿತುರಿಯನ್ನು ಮಧ್ಯಾಹ್ನ ತಿನ್ನುವಷ್ಟಕ್ಕೆ ಮಾತ್ರ ಹಾಕಿ. ಈ ಸೆಕೆಗೆ ಕಾಯಿ ಬಿದ್ದದ್ದು ಸಂಜೆಗೆ ಹಳಸುತ್ತದೆ. ಬಸ್ಸಾರು ಅಂತ ಕಾಯಿ ಅರೆದು ಹಾಕಿ ಮಾಡುವುದನ್ನು ನಾನು ಬೇಸಿಗೆಯಲ್ಲಿ ಬಿಟ್ಟಿರುವುದು ಇದಕ್ಕೇ. ಉಪ್ಸಾರನ್ನು ಸಂಜೆ ಒಂದು ಕುದಿ ಕುದಿಸಿದರೆ ರಾತ್ರಿಗೂ ಆಗುತ್ತದೆ.

ಜೊತೆಗೆ ಮುದ್ದೆ. ಮೂರು ಲೋಟ ನೀರಿಗೆ ಎರಡು ಲೋಟ ಹಿಟ್ಟು ನಮ್ಮ ಮನೆಯ ಲೆಕ್ಕ. ಹೊಸ ಹಿಟ್ಟಾದರೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ. ನೀರು ಕುದಿಯುವಾಗ ಹಿಟ್ಟು ಸುರಿದು, ಮಧ್ಯೆ ಕೋಲಿನಿಂದ ತೂತು ಮಾಡಿ, ಸಣ್ಣ ಉರಿಯಲ್ಲಿ ಐದು ನಿಮಿಷ ಮುಚ್ಚಿಡಿ. ಆಮೇಲೆ ತೊಳಸಿ. ಹಾಟ್‌ಬಾಕ್ಸಿಗೆ ಒದ್ದೆ ಬಟ್ಟೆ ಹಾಸಿ ಮುದ್ದೆ ಇಟ್ಟರೆ ಮಧ್ಯಾಹ್ನಕ್ಕೂ ಮೆತ್ತಗೇ ಇರುತ್ತದೆ.

ಇನ್ನು ಹೆಂಡತಿಯ ಡಬ್ಬಿ. ಶ್ರೀನಿವಾಸಪುರದ ಮಾವು ಪಕ್ಕದಲ್ಲೇ ಇರುವಾಗ ಮಾವಿನಕಾಯಿ ಚಿತ್ರಾನ್ನ ಬಿಟ್ಟು ಬೇರೆ ಯಾಕೆ? ತೋತಾಪುರಿ ಕಾಯಿಗೆ ಹುಳಿ ಕಮ್ಮಿ, ಒಂದು ಪಾವು ಅಕ್ಕಿಯ ಅನ್ನಕ್ಕೆ ಒಂದು ಪೂರ್ತಿ ಕಾಯಿ ಬೇಕು. ನಾಟಿ ಕಾಯಾದರೆ ಅರ್ಧ ಸಾಕು. ಅನ್ನವನ್ನು ತಟ್ಟೆಗೆ ಹರವಿ ಆರಲು ಬಿಡಿ. ಮೂರು ಚಮಚ ಕಡ್ಲೆಕಾಯಿ ಎಣ್ಣೆಯಲ್ಲಿ ಸಾಸಿವೆ, ಕಡ್ಲೆಬೇಳೆ, ಒಂದು ಹಿಡಿ ಕಡ್ಲೆಬೀಜ, ಸೀಳಿದ ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನ. ತುರಿದ ಮಾವಿನಕಾಯಿಯಲ್ಲಿ ಅರ್ಧವನ್ನು ಒಗ್ಗರಣೆಗೆ ಹಾಕಿ ಒಂದೇ ನಿಮಿಷ ಬಾಡಿಸಿ ಒಲೆ ಆರಿಸಿ. ಇನ್ನರ್ಧವನ್ನು ಅನ್ನ ಕಲಸುವಾಗ ಹಸಿಯಾಗಿಯೇ ಸೇರಿಸಿ. ಪೂರ್ತಿ ಬೇಯಿಸಿದರೆ ಮಾವಿನ ಘಮ ಹೋಗುತ್ತದೆ, ಪೂರ್ತಿ ಹಸಿ ಹಾಕಿದರೆ ಹಲ್ಲು ಚುಳ್ಳೆನ್ನುತ್ತದೆ. ಸಾಸಿವೆ ಕಾಯಿ ಅರೆದು ಹಾಕುವುದು ಯುಗಾದಿಗೆ ಚೆನ್ನ, ಮಧ್ಯಾಹ್ನದವರೆಗೆ ಇರಬೇಕಾದ ಡಬ್ಬಿಗೆ ಬೇಡ.

ಟೊಮೆಟೊ ರೇಟು ಬಿದ್ದಾಗ ಮೋಟಾರ್ ತರುವ ರೈತರು ಹದಿನೈದು ಕೆಜಿ ಬಾಕ್ಸನ್ನೇ ಅಂಗಡಿ ಮುಂದೆ ಇಳಿಸಿ ಹೋಗುತ್ತಾರೆ. ತಗೊಳ್ಳುವುದಕ್ಕೆ ಮನಸ್ಸಿಗೆ ಕಷ್ಟ, ಬೇಡ ಅಂದರೆ ಅವರಿಗೆ ಬೇಜಾರು. ಆಗ ಸುಟ್ಟ ಗೊಜ್ಜು ಮಾಡುತ್ತೇನೆ. ಅನ್ನ ಬೇಯುವಾಗ ಪಕ್ಕದ ಬರ್ನರ್ ಮೇಲೆ ಆರು ಟೊಮೆಟೊ, ಎರಡು ಹಸಿಮೆಣಸಿನಕಾಯಿಯನ್ನು ಸಿಪ್ಪೆ ಕಪ್ಪಾಗುವವರೆಗೆ ಸುಡಿ. ಮೆಣಸಿನಕಾಯಿಗೆ ಒಂದು ಸಣ್ಣ ಸೀಳು ಹಾಕಿರಿ, ಇಲ್ಲದಿದ್ದರೆ ಸಿಡಿಯುತ್ತದೆ. ಸಿಪ್ಪೆ ತೆಗೆದು ಕೈಯಲ್ಲೇ ಹಿಸುಕಿ, ಹಸಿ ಈರುಳ್ಳಿ, ಕೊತ್ತಂಬರಿ, ಉಪ್ಪು, ಚೂರು ಬೆಲ್ಲ. ಮಿಕ್ಸಿಗೆ ಹಾಕಿದರೆ ಸುಮ್ನೆ ಸಾಸ್ ಆಗುತ್ತದೆ. ಅನ್ನಕ್ಕೂ ಆಯಿತು, ಮುದ್ದೆಗೂ ಆಯಿತು.

ರಾತ್ರಿಗೆ ಮೊಸರನ್ನ. ಇದನ್ನೂ ಬೆಳಗ್ಗೆಯೇ ಕಲಸಿಡಬಹುದು. ಬಿಸಿ ಅನ್ನವನ್ನು ಚೆನ್ನಾಗಿ ಮಸೆದು, ಪೂರ್ತಿ ಆರಿದ ಮೇಲೆ ಕಾಯಿಸಿ ಆರಿಸಿದ ಹಾಲು ಧಾರಾಳವಾಗಿ ಹಾಕಿ, ಎರಡೇ ಚಮಚ ಮೊಸರು ಸೇರಿಸಿ. ನಾಲ್ಕೈದು ಗಂಟೆಯಲ್ಲಿ ಹದವಾಗಿ ಹೆಪ್ಪಾಗುತ್ತದೆ. ಆಗ ಫ್ರಿಜ್ಜಿಗೆ ಇಡಲು ಅಮ್ಮನಿಗೆ ಹೇಳಿರುತ್ತೇನೆ. ಪಕ್ಕಕ್ಕೆ ಹೆಸರುಬೇಳೆ ಕೋಸಂಬರಿ. ಬೇಳೆ ಅರ್ಧ ಗಂಟೆ ನೆನೆದರೆ ಸಾಕು. ಸೌತೆಕಾಯಿ, ಉಳಿದ ತೋತಾಪುರಿ ತುರಿ ಸೇರಿಸಿ ಮಕ್ಕಳೇ ಕಲಸುತ್ತಾರೆ. ಉಪ್ಪು ಮಾತ್ರ ತಟ್ಟೆ ಹಾಕುವಾಗ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ. ಅನ್ನ ಖಾಲಿಯಾಗಿದ್ದರೆ ತೆಳು ಅವಲಕ್ಕಿಗೆ ಮೊಸರು, ಉಪ್ಪು ಕಲಸಿ ಐದು ನಿಮಿಷ ಬಿಡಿ, ಮೇಲೆ ಹುರಿದ ಕಡ್ಲೆಬೀಜ. ಭಾನುವಾರ ಸಂಜೆ ಇದ್ಯಾವುದೂ ಇಲ್ಲ. ಬಂಗಾರಪೇಟೆ ಪಾನಿಪುರಿ, ಅದೂ ಬಿಳಿ ನೀರಿನದೇ ಆಗಬೇಕು.

ಅಂಗಡಿಗೆ ನಾನು ಒಯ್ಯುವುದು ಅಂಬಲಿ. ಅರ್ಧ ಲೋಟ ರಾಗಿ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಕುದಿಯುತ್ತಿರುವ ಮೂರು ಲೋಟ ನೀರಿಗೆ ಸುರಿದು, ಎಂಟು ನಿಮಿಷ ತಿರುಗಿಸುತ್ತಾ ಕುದಿಸಿ. ಇದು ಬೆಳಗಿನ ಕೆಲಸಗಳಲ್ಲೇ ಆಗುತ್ತದೆ. ಸಂಜೆವರೆಗೆ ಆರಿದ ಗಂಜಿಯನ್ನು ಸ್ಟೀಲ್ ಅಥವಾ ಮಣ್ಣಿನ ಪಾತ್ರೆಯಲ್ಲಿ ರಾತ್ರಿ ಮುಚ್ಚಿಟ್ಟರೆ ಮಾರನೆಯ ಬೆಳಗ್ಗೆ ಸಣ್ಣ ಹುಳಿ ಬಂದಿರುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ. ತೀರಾ ಸೆಕೆ ಇದ್ದ ರಾತ್ರಿ ಮಲಗುವ ಮೊದಲು ಫ್ರಿಜ್ಜಿಗೆ ಇಡಿ, ಇಲ್ಲದಿದ್ದರೆ ಬೆಳಗ್ಗೆಗೆ ಹುಳಿ ಜಾಸ್ತಿಯಾಗುತ್ತದೆ. ಹೊರಡುವ ಮುಂಚೆ ಎರಡು ಲೋಟ ಮಜ್ಜಿಗೆ, ಉಪ್ಪು ಬೆರೆಸಿ ಕ್ಯಾನಿಗೆ ತುಂಬಿಸಿಕೊಳ್ಳುತ್ತೇನೆ. ಹೆಚ್ಚಿದ ಈರುಳ್ಳಿಯನ್ನು ಬೇರೆ ಡಬ್ಬಿಯಲ್ಲಿ ಒಯ್ದು ಕುಡಿಯುವಾಗ ಹಾಕಿಕೊಳ್ಳಿ. ಮೊದಲೇ ಹಾಕಿದರೆ ಹತ್ತು ಗಂಟೆಗೆಲ್ಲ ಕ್ಯಾನು ಪೂರ್ತಿ ಈರುಳ್ಳಿ ವಾಸನೆ.